ಮುತ್ಯಾ ಹೇಳ್ತಿದ್ದ ‘ಕೆರಿನ್ ಲಡಾಯಿ’ ಎಲ್ಲೆ ಆದದ್ದು? ಅಲ್ಲೆ ಕೆರೀನೂ ಇದ್ದಿಲ್ಲಂತ, ನೀರೂ ಇದ್ದಿಲ್ಲಂತ

ಖಾನಾಪುರ_ಕಡೆಯಾವ

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲೆ ಇತಿಹಾಸ ತಿಳಿದವರು ಬಾಳ ಮಂದಿ ಅದೀರಿ ಅಂತ ಧೈರ್ಯ ಮಾಡಿ ಕೇಳಾಕತ್ತೇನಿ.

ನಮ್ಮ ಮುತ್ಯಾ, ಅಂದ್ರ ನಮ್ಮವ್ವನ ಅಪ್ಪ, ಮರಾಠಾ ಪಲ್ಟನ್‌ದಾಗ ಇದ್ದ. ಬೆಳಗಾವಿ ಕ್ಯಾಂಪಿನ್ಯಾಗ ಭರ್ತಿ ಆಗಿದ್ದ. ಎರಡನೇ ಮಹಾಯುದ್ಧ ಮುಗಿಯೂಕಿಂತ ಮೊದಲ ಎಡಗಾಲಿಗೆ ಗಾಯಾಗಿ ಪೆನ್ಶನ್ ಮ್ಯಾಲೆ ಊರಿಗೆ ಬಂದ. ಗಾಯ ಎಲ್ಲೆ ಆತು, ಯಾವಾಗ ಆತು, ಮನ್ಯಾಗ ಯಾರಿಗೂ ಸರಿ ಗೊತ್ತಿಲ್ಲ. ನಾ ಒಂಬತ್ತನೇತ್ತಾ ಇದ್ದಾಗ ತೀರಿಕೊಂಡ. ಮನ್ಯಾಗ ನಮ್ಮ ಜೊತಿ ಕನ್ನಡ, ಪಲ್ಟನ್ನಿನ ಗೆಣೆಕಾರರು ಬಂದ್ರ ಮರಾಠಿ, ಸಿಟ್ಟು ಬಂದ್ರ ಹಿಂದಿ, ಹಿಂಗಿತ್ತು ಅವನ ಮಾತು.

ಅವ ಯಾವಾಗರ ಒಮ್ಮೆ ‘ಕೆರಿನ್ ಲಡಾಯಿ’ ಅಂತಿದ್ದ. ನಾ ಸಣ್ಣಾವಿದ್ದಾಗ ನಮ್ಮೂರ ಕೆರಿ ನೀರಿನ ಪಾಳೇಕ್ಕ ಬಾಜೂ ಊರಿನವರ ಜೊತಿ ಬಡದಾಟ ಆಗ್ತಿತ್ತಲ್ರಿ, ಅಂಥಾದ್ದ ಒಂದು ಕೆರೀ ಲಡಾಯಿ ಅಂತ ತಿಳಕೊಂಡಿದ್ದೆ. ಒಮ್ಮೆ ಕೇಳೇಬಿಟ್ಟೆ, ಮುತ್ಯಾ ಆ ಕೆರಿ ಎಷ್ಟು ದೊಡ್ಡದಿತ್ತೋ ಅಂತ. ಬಾಳ ಹೊತ್ತು ನಕ್ಕ. “ಕೆರಿ ಎಲ್ಲಿದ್ದು ಬಂತೋ ತಮ್ಮಾ, ಕುಡಿಯಾಕ ನೀರಿದ್ದಿಲ್ಲ ಅಲ್ಲೆ” ಅಂದ.

ನೆನಪಿದ್ದಷ್ಟು ಬರೀತೇನಿ. ಬಂದೂಕು ಹಿಡದದ್ದಕ್ಕಿಂತ ನೀರಿನ ಡಬ್ಬಿ ಹೊತ್ತದ್ದ ಹೆಚ್ಚು ಅಂತಿದ್ದ. ಆ ನೀರು ಪೆಟ್ರೋಲ್ ವಾಸನಿ ಹೊಡೀತಿತ್ತಂತ. ‘ಡೊಳ್ಳಗುಡ್ಡ’ ಅಂತ ಒಂದು ಗುಡ್ಡ ಇತ್ತು, ಬೆಳದಿಂಗಳಾಗ ಹತ್ತಿದಿವಿ ಅಂತಿದ್ದ. ಘಾಟಿನ ದಾರಿ ಮ್ಯಾಲೆ ಶತ್ರುಗಳು ಗುಡ್ಡಾನ ಕೆಡವಿ ಹಾಕಿದ್ರಂತ. ಕಥಿ ಅಲ್ಲಿಗೇ ನಿಂದ್ರತಿತ್ತು. ಮುಂದ ಆ ದಾರಿ ಹೆಂಗ ತೆಗದ್ರಿ ಅಂತ ಕೇಳಿದ್ರ ಬೀಡಿ ಹಚ್ಚಿಕೊಂಡು ಹೊರಗ ಎದ್ದು ಹೋಗ್ತಿದ್ದ.

ಅವನ ಟ್ರಂಕಿನ್ಯಾಗ ಒಂದು ಆರು ಮೂಲಿ ಚಿಕ್ಕಿಯಂಥ ಪದಕ ಐತಿ. ಮ್ಯಾಲೆ ‘ಆಫ್ರಿಕಾ ಸ್ಟಾರ್’ ಅಂತ ಬರದೈತಿ, ಹಿಂದ ಏನೂ ಕೆತ್ತಿಲ್ಲ. ಪಟ್ಟಿ ಉಸುಕಿನ ಬಣ್ಣದ್ದು, ನಡುವ ಅಗಲ ಕೆಂಪು, ಒಂದು ಬಾಜೂ ಕಡುನೀಲಿ ಗೆರಿ, ಇನ್ನೊಂದು ಬಾಜೂ ತಿಳಿನೀಲಿ ಗೆರಿ. ನಮ್ಮ ಮಾವ ಹೇಳೂದು ಅದು ಈಜಿಪ್ತ್ ಕಡೆ ಮರುಭೂಮ್ಯಾಗ ಜರ್ಮನಿ ಜನರಲ್ ರೊಮೆಲ್ ಜೊತಿ ಆದ ಲಡಾಯಿದ್ದು ಅಂತ. ಹಂಗಿದ್ರ ಮರುಭೂಮ್ಯಾಗ ಘಾಟು, ಗುಡ್ಡ ಎಲ್ಲಿಂದ ಬಂದ್ವು? ಡೊಳ್ಳಗುಡ್ಡ ಅನ್ನೂದು ನಮ್ಮ ಗೋಕಾಕ ಕಡೆ ಊರಿನ ಹೆಸರಿದ್ದಂಗ ಐತಿ. ತಿಳಿದವರು ಹೇಳ್ರಿ.

ಚರಿತ್ರೆ_ಗೀಳು

ಕೆರಿನ್ ಅಂದ್ರೆ ಬರ್ಮಾದ ಕರೆನ್ ಬೆಟ್ಟಗಳು ಇರಬಹುದಾ? ಅಲ್ಲೂ ಜಪಾನಿನವರ ಜೊತೆ ಭಾರತೀಯ ಸೇನೆ ಹೋರಾಡಿತ್ತು. ಆದರೆ ಬರ್ಮಾದಲ್ಲಿ ನೀರಿಲ್ಲ ಅನ್ನೋದು ಕೇಳಿಲ್ಲ, ಮಳೆ ಜಾಸ್ತಿ ಅಂತಲೇ ಎಲ್ಲರೂ ಗೋಳಾಡೋದು. ಬಲ್ಲವರು ತಿದ್ದಿ.

ಬಯಲುಸೀಮೆ_ಮೇಷ್ಟ್ರು

ಬರ್ಮಾ ಅಲ್ಲ ಸ್ವಾಮಿ. ಪದಕ ಆಫ್ರಿಕಾದ್ದು ಅಂತ ಅವರೇ ಬರೆದಿದ್ದಾರಲ್ಲ.

‘ಡೊಳ್ಳಗುಡ್ಡ’ ಅಂತ ಓದಿ ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು. ಆ ಗುಡ್ಡ ನಾನು ನೋಡಿದ್ದೇನೆ. ಅದರ ಹೆಸರು ದೊಲೊಗೊರೊದೊಕ್. ನಾನು ಅಲ್ಲಿದ್ದ ಮೂರು ವರ್ಷ ಆ ಹೆಸರನ್ನು ಒಂದು ಸಲವೂ ತಡವರಿಸದೆ ಹೇಳಿದವನಲ್ಲ. ನಿಮ್ಮ ಮುತ್ಯಾ ಅದನ್ನು ಡೊಳ್ಳಗುಡ್ಡ ಮಾಡಿ ಸುಖವಾಗಿದ್ದರು ನೋಡಿ. ಊರು ಕೆರೆನ್. ದೇಶ ಎರಿಟ್ರಿಯಾ, ಕೆಂಪು ಸಮುದ್ರದ ದಂಡೆಯದು. ಕಾಲ 1941ರ ಫೆಬ್ರವರಿ, ಮಾರ್ಚ್.

ನಾನು ಎರಿಟ್ರಿಯಾದಲ್ಲಿ ಮೇಷ್ಟ್ರಾಗಿದ್ದವನು. ರಾಜಧಾನಿ ಅಸ್ಮಾರಾದ ಹತ್ತಿರ ಮಾಯ್ ನೆಫ್ಹಿ ಅಂತ ಒಂದು ಜಾಗ, ಅಲ್ಲಿಯ ತಾಂತ್ರಿಕ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ಆಗ ನಮ್ಮ ದೇಶದಿಂದ ಹೋದ ಮೇಷ್ಟರುಗಳು ಅಲ್ಲಿ ಬೇಕಾದಷ್ಟು ಜನ ಇದ್ದೆವು. ವಿದೇಶಿಯರು ಅಸ್ಮಾರಾ ಬಿಟ್ಟು ಹೊರಡಬೇಕಾದರೆ ಪರವಾನಗಿ ಚೀಟಿ ತೆಗೆದುಕೊಳ್ಳಬೇಕು. ಚೀಟಿ ಸಿಕ್ಕ ಒಂದು ಶನಿವಾರ ನಾನೂ ಮಲಯಾಳಿ ಸ್ನೇಹಿತರೊಬ್ಬರೂ ಕೆರೆನ್ ಬಸ್ಸು ಹತ್ತಿದೆವು. ತೊಂಬತ್ತು ಕಿಲೋಮೀಟರಿನ ದಾರಿ. ಅಸ್ಮಾರಾ ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ, ಕೆರೆನ್ 1,300ರಲ್ಲಿ. ದಾರಿಯುದ್ದಕ್ಕೂ ಇಳಿಯುತ್ತಲೇ ಇರಬೇಕು, ಸ್ವೆಟರ್ ಹಾಕಿಕೊಂಡು ಹತ್ತಿದವರು ಅಂಗಿ ಗುಂಡಿ ಬಿಚ್ಚಿಕೊಂಡು ಇಳಿದೆವು.

ಅಂದರೆ ನಾನು ಕೆರೆನ್ ನೋಡಿದ್ದು ಇಟಲಿಯವರು ಬಂದ ದಿಕ್ಕಿನಿಂದ. ನಿಮ್ಮ ಮುತ್ಯಾ ಬಂದದ್ದು ಎದುರು ದಿಕ್ಕಿನಿಂದ, ಸುಡಾನ್ ಕಡೆಯಿಂದ. ಅವರು ಕಂಡದ್ದನ್ನು ಕಾಣಬೇಕಾದರೆ ಊರು ದಾಟಿ, ಘಾಟಿ ಇಳಿದು ಆ ಕಡೆಯ ಬಯಲಿಗೆ ಹೋಗಿ, ಹಿಂತಿರುಗಿ ನೋಡಬೇಕು. ನಾವು ಹಾಗೇ ಮಾಡಿದೆವು. ಖಾನಾಪುರದವರು ಅಂತೀರಿ, ನಿಮಗೆ ಚೋರ್ಲಾ ಘಾಟ್ ಗೊತ್ತು. ಅದರ ಕಾಡನ್ನೆಲ್ಲ ಬೋಳಿಸಿಬಿಡಿ. ಆ ಜಾಗಕ್ಕೆ ಹಂಪಿಯ ಬಂಡೆಗಳನ್ನು ತಂದು ಸುರಿಯಿರಿ, ನಡುವೆ ಮುಳ್ಳುಕಂಟಿ, ಚುಚ್ಚುವ ಒಣಹುಲ್ಲು. ಬಯಲಿನಿಂದ ಥಟ್ಟನೆ ಎದ್ದ ಬೆಟ್ಟಗಳ ಸಾಲು, ಅದರಲ್ಲಿ ಒಂದೇ ಒಂದು ಸೀಳು. ರಸ್ತೆ ಹೋಗುವುದು ಆ ಸೀಳಿನಲ್ಲೇ. ಅದಕ್ಕೆ ದೊಂಗೊಲಾಸ್ ಕಮರಿ ಅಂತ ಹೆಸರು. ಸುಡಾನ್ ಕಡೆಯಿಂದ ಬರುವವರ ಎಡಗಡೆಗೆ ಸಂಚಿಲ್ ಬೆಟ್ಟ, ಬಲಗಡೆಗೆ ಡೊಳ್ಳಗುಡ್ಡ (ಇನ್ನು ನಾನೂ ಹಾಗೇ ಕರೆಯುತ್ತೇನೆ). ಎಡಬೆಟ್ಟದ ಮೈಗೆ ಅಂಟಿಕೊಂಡು ಇಟಲಿಯವರ ಕಾಲದ ಕಿರುರೈಲಿನ ಹಾದಿ, ಅದಕ್ಕೊಂದು ಸುರಂಗ.

ಎರಿಟ್ರಿಯಾ 1890ರಿಂದ ಇಟಲಿಯ ವಸಾಹತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು, ಜುಲೈನಲ್ಲಿ ಗಡಿ ದಾಟಿ ಸುಡಾನಿನ ಕಸ್ಸಲಾ ಊರನ್ನು ಹಿಡಿಯಿತು. ಬ್ರಿಟಿಷರು ಭಾರತದ 4 ಮತ್ತು 5ನೇ ಡಿವಿಜನ್‌ಗಳನ್ನು (ಹಲವು ಪಲ್ಟನ್‌ಗಳು ಸೇರಿದ ದೊಡ್ಡ ಪಡೆಗಳು) ಒಟ್ಟುಮಾಡಿಕೊಂಡು 1941ರ ಜನವರಿ 19ರಂದು ತಿರುಗೇಟು ಶುರುಮಾಡಿದರು. ಒಟ್ಟು ಮುಖಂಡ ಜನರಲ್ ಪ್ಲಾಟ್. ಮೊದಲ ಹದಿನೈದು ದಿನ ಓಡಿದ್ದೇ ಓಡಿದ್ದು. ಕೆರು ಅನ್ನುವ ಊರಿನ ಹತ್ತಿರ ಅಮೆದೆಯೊ ಗುಯ್ಯೆ ಅಂತ ಒಬ್ಬ ಇಟಲಿಯ ಅಧಿಕಾರಿ, ಫಿರಂಗಿಗಳ ಮೇಲೆ ಕುದುರೆ ಏರಿ ನುಗ್ಗಿಬಿಟ್ಟ. ಇಪ್ಪತ್ತನೇ ಶತಮಾನದಲ್ಲಿ! ಆತ ಬದುಕಿ ಉಳಿದು, ಮುಂದೆ ಇಟಲಿಯ ರಾಯಭಾರಿಯಾಗಿ ನಮ್ಮ ದೆಹಲಿಗೇ ಬಂದದ್ದು ಬೇರೆ ಕಥೆ. ಫೆಬ್ರವರಿ 1ಕ್ಕೆ ಅಗೊರ್ದಾತ್ ಬಿತ್ತು. ಮಾರನೇ ದಿನ ಮುಂಚೂಣಿಯ ವಾಹನಗಳು ಕೆರೆನ್ ಘಾಟಿಯ ಬಾಯಿಗೆ ಬಂದು ನಿಂತವು.

ನಿಂತವು, ಏಕೆಂದರೆ ದಾರಿಯೇ ಇರಲಿಲ್ಲ. ಕಮರಿಯ ಎರಡೂ ಕಡೆಯ ಬಂಡೆಗಳಿಗೆ ಮದ್ದಿಟ್ಟು ರಸ್ತೆಯ ಮೇಲೆ ಉರುಳಿಸಿದ್ದರು. ನಿಮ್ಮ ಮುತ್ಯಾ ಹೇಳಿದ ‘ದಾರಿ ಮ್ಯಾಲೆ ಗುಡ್ಡಾನ ಕೆಡವಿ ಹಾಕಿದ್ರು’ ಅನ್ನುವ ಮಾತಿನಲ್ಲಿ ಒಂದಕ್ಷರ ಉತ್ಪ್ರೇಕ್ಷೆ ಇಲ್ಲ.

ಅಲ್ಲಿಂದ ಮುಂದೆ 53 ದಿನ. ಮೊದಲು 4ನೇ ಡಿವಿಜನ್ ಫೆಬ್ರವರಿಯ ಮೊದಲರ್ಧದಲ್ಲಿ ಎಡಕ್ಕೂ ಬಲಕ್ಕೂ ತಲೆ ಚಚ್ಚಿಕೊಂಡಿತು. ಎಡಗಡೆ ಸ್ಕಾಟ್ಲೆಂಡಿನ ಕ್ಯಾಮರನ್ ಪಲ್ಟನ್ ಒಂದು ದಿಣ್ಣೆ ಹಿಡಿದು ಕೂತಿತು, ಅದಕ್ಕೆ ಅವರದೇ ಹೆಸರು ಉಳಿಯಿತು. ಆಚೆ ಬಲಕ್ಕೆ ಅಕ್ವಾ ಕಣಿವೆ ಅಂತ ಇನ್ನೊಂದು ತಗ್ಗು. ರಜಪುತಾನಾ ರೈಫಲ್ಸಿನ ಸುಬೇದಾರ್ ರಿಛಪಾಲ್ ರಾಮ್, ಕಂಪನಿಯ ಅಧಿಕಾರಿ ಗಾಯಗೊಂಡು ಬಿದ್ದ ಮೇಲೆ ತಾನೇ ಮುಂದಾಗಿ ಅಲ್ಲಿ ಮೇಲೇರಿ, ಆರು ಪ್ರತಿದಾಳಿ ತಡೆದು, ತೋಟಾ ಮುಗಿದಾಗ ಸುತ್ತುಗಟ್ಟಿದವರನ್ನು ಭೇದಿಸಿಕೊಂಡು ಉಳಿದ ಕೆಲವರ ಜೊತೆ ಹಿಂದೆ ಬಂದರು. ಐದು ದಿನ ಬಿಟ್ಟು, ಫೆಬ್ರವರಿ 12ರಂದು, ಅದೇ ಜಾಗಕ್ಕೆ ಮತ್ತೆ ಹೋದರು. ಬಲಪಾದ ಹಾರಿಹೋಯಿತು, ಬದುಕಲಿಲ್ಲ. ಅವರಿಗೆ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ, ಬಂತು. ಆದರೆ ಕಣಿವೆ ಕೈಗೆ ಬರಲಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಮುತ್ಯಾನ ಕಥೆಯ ತಿರುಳು ಅದೇ. ಆ ಬೆಟ್ಟಗಳ ಮೇಲೆ ಒಂದು ಹನಿ ನೀರಿಲ್ಲ. ದಿಣ್ಣೆ ಹಿಡಿದು ಕೂತವರಿಗೆ ತೋಟಾ, ರೊಟ್ಟಿ, ನೀರು, ಎಲ್ಲವೂ ಕೆಳಗಿನಿಂದ ಮನುಷ್ಯರ ಬೆನ್ನ ಮೇಲೇ ಹೋಗಬೇಕು. ಹೇಸರಗತ್ತೆಗಳೂ ಒಂದು ಹಂತದವರೆಗೆ ಮಾತ್ರ. ಹೀಗಾಗಿ ಪ್ರತಿ ಪಲ್ಟನ್ನಿನಲ್ಲೂ ಜನರ ಒಂದು ಪಾಲು ಬರೀ ಹೊರುವುದಕ್ಕೇ ಮೀಸಲು. ಹಗಲು ಹೊತ್ತಿನಲ್ಲಿ ಎದುರು ಬೆಟ್ಟದವರು ನೋಡುತ್ತಿರುತ್ತಾರೆ, ಆದ್ದರಿಂದ ಕತ್ತಲಲ್ಲಿ ಹತ್ತಬೇಕು, ಇಳಿಯುವಾಗ ಗಾಯಾಳುಗಳನ್ನು ಹೊತ್ತು ತರಬೇಕು. ಸೈನ್ಯದಲ್ಲಿ ನೀರು ತುಂಬುತ್ತಿದ್ದ ಡಬ್ಬಿಗಳು ಪೆಟ್ರೋಲ್ ಬಂದ ತೆಳು ತಗಡಿನ ಡಬ್ಬಿಗಳೇ, ವಾಸನೆ ಅದರದ್ದು. ನಾನು ಆ ಬೆಟ್ಟದ ಬುಡದಲ್ಲಿ ಅರ್ಧ ಗಂಟೆ ಹತ್ತಿ ನೋಡಿದೆ. ಕೈಯಲ್ಲಿ ಒಂದು ಲೀಟರಿನ ಬಾಟಲಿ ಇತ್ತು. ಕೆಳಗೆ ಬರುವಷ್ಟರಲ್ಲಿ ಖಾಲಿ. ಬಂಡೆ ಮುಟ್ಟಿದರೆ ಅಂಗೈ ಸುಡುತ್ತಿತ್ತು.

ಇನ್ನು ಬೆಳದಿಂಗಳ ರಾತ್ರಿ. ಅದು 1941ರ ಮಾರ್ಚ್ 15. ಒಂದು ತಿಂಗಳು ತೋಟಾ, ಸಾಮಾನು ಕೂಡಿಹಾಕಿ, 5ನೇ ಡಿವಿಜನ್ನನ್ನೂ ಕರೆಸಿಕೊಂಡು ಆವತ್ತು ದೊಡ್ಡ ದಾಳಿ ಇಟ್ಟರು. ಬೆಳಗ್ಗೆ ಎಡಗಡೆಯ ಸಂಚಿಲ್ ಮೇಲೆ 4ನೇ ಡಿವಿಜನ್, ಹತ್ತೂವರೆಗೆ ಡೊಳ್ಳಗುಡ್ಡದ ಮೇಲೆ 5ನೇ ಡಿವಿಜನ್ನಿನ ಒಂದು ಸ್ಕಾಟಿಷ್ ಪಲ್ಟನ್. ಆ ಪಲ್ಟನ್ ಬಿಸಿಲಲ್ಲೂ ಗುಂಡಿನಲ್ಲೂ ಸಿಕ್ಕಿಕೊಂಡು ಸಂಜೆವರೆಗೆ ಬಂಡೆಗಳ ಹಿಂದೆ ಮಲಗಿದ್ದಷ್ಟೇ ಆಯಿತು. ರಾತ್ರಿ ಕೆಲಸ 9ನೇ ಬ್ರಿಗೇಡಿಗೆ ಬಂತು. ಅದರಲ್ಲಿದ್ದದ್ದೇ ನಿಮ್ಮವರು: 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಪಲ್ಟನ್. ಡೊಳ್ಳಗುಡ್ಡದ ಕೋಟೆಗೆ ಹೋಗುವ ಮೊದಲು ಎರಡು ಕೋಡುಗಲ್ಲು ದಾಟಬೇಕು. ಬ್ರಿಟಿಷರು ಒಂದಕ್ಕೆ ‘ಪಿಂಪಲ್’, ಅಂದರೆ ಮೊಡವೆ, ಇನ್ನೊಂದಕ್ಕೆ ‘ಪಿನಾಕಲ್’ ಅಂತ ಹೆಸರಿಟ್ಟಿದ್ದರು. ಮೊಡವೆಯನ್ನು ಫ್ರಾಂಟಿಯರ್ ಫೋರ್ಸ್‌ನವರು ಹಿಡಿದರು, ಪಿನಾಕಲ್ಲನ್ನು ಮರಾಠರು. ಬೆಳಗಿನ ಆರೂವರೆ ಹೊತ್ತಿಗೆ ವೆಸ್ಟ್ ಯಾರ್ಕ್‌ಷೈರ್ ಪಲ್ಟನ್ನಿನವರು ಕತ್ತಿಯಲಗಿನಂಥ ಒಂದು ದಿಣ್ಣೆಯ ಮೇಲೆ ನಡೆದು ಕೋಟೆಯೊಳಗೆ ಇಳಿದರು. “ಬೋಲ್ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ” ಅನ್ನುವ ಘೋಷಣೆ ಮೊದಲು ಮೊಳಗಿದ್ದು ಇದೇ ಗುಡ್ಡದಲ್ಲಿ ಅಂತ ಮರಾಠಾ ಪಲ್ಟನ್ನಿನವರು ಹೇಳುವುದುಂಟು.

ಗುಡ್ಡ ಹಿಡಿದದ್ದು ಒಂದು ರಾತ್ರಿಯಲ್ಲಿ, ಉಳಿಸಿಕೊಂಡದ್ದು ಒಂದು ವಾರ. 16ರಿಂದ 22ರವರೆಗೆ ಇಟಲಿಯವರು ಮೇಲಿಂದ ಮೇಲೆ ಪ್ರತಿದಾಳಿ ಮಾಡಿದರು. ಅವರ ಒಳ್ಳೆಯ ದಳಪತಿ ಲೊರೆಂಜಿನಿ 17ರಂದು ಇಲ್ಲೇ ಸತ್ತ. ಎದುರುಗಡೆ ಇದ್ದವರೆಲ್ಲ ಇಟಲಿಯವರು ಅಂದುಕೊಳ್ಳಬೇಡಿ. ಹೆಚ್ಚಿನವರು ಎರಿಟ್ರಿಯಾದವರೇ, ‘ಅಸ್ಕರಿ’ ಅಂತ ಕರೆಯುತ್ತಿದ್ದ ವಸಾಹತಿನ ಸಿಪಾಯಿಗಳು, ತಮ್ಮದೇ ನೆಲದಲ್ಲಿ ಇನ್ನೊಬ್ಬರ ಬಾವುಟದ ಕೆಳಗೆ. ಈ ಕಡೆಯೂ ಅದೇ ಕಥೆ ತಾನೆ.

ಸಂಚಿಲ್ ಬೆಟ್ಟವನ್ನಂತೂ ಕೊನೆಯವರೆಗೂ ದಾಳಿ ಮಾಡಿ ಗೆಲ್ಲಲಾಗಲಿಲ್ಲ. ದಾರಿ ತೆರೆದ ಮೇಲೆ ಅಲ್ಲಿದ್ದವರೇ ಬಿಳಿ ಬಾವುಟ ಹಾರಿಸಿದರು. ಕೆರೆನ್ ಬಿದ್ದದ್ದು ಮಾರ್ಚ್ 27. ಬ್ರಿಟಿಷ್ ಭಾರತೀಯ ಸೇನೆಯ ಕಡೆ 536 ಸಾವು, 3,229 ಗಾಯಾಳುಗಳು. ಇಟಲಿಯ ಕಡೆ ಸತ್ತವರು ಸುಮಾರು 3,000. ಏಪ್ರಿಲ್ 1ಕ್ಕೆ ಅಸ್ಮಾರಾ, 8ಕ್ಕೆ ಮಸ್ಸಾವಾ ಬಂದರು ಕೈಸೇರಿತು.

ಪದಕದ ಬಗ್ಗೆ ನಿಮ್ಮ ಮಾವನವರ ಮಾತು ಪೂರ್ತಿ ತಪ್ಪೂ ಅಲ್ಲ. ಆಫ್ರಿಕಾ ಸ್ಟಾರನ್ನು ಈಜಿಪ್ತ್, ಲಿಬಿಯಾಗಷ್ಟೇ ಅಲ್ಲ, ಸುಡಾನ್, ಎರಿಟ್ರಿಯಾ, ಅಬಿಸೀನಿಯಾದಲ್ಲಿ (ಇಂದಿನ ಇಥಿಯೋಪಿಯಾ) ಹೋರಾಡಿದವರಿಗೂ ಕೊಟ್ಟರು. ಪಟ್ಟಿಯ ಉಸುಕಿನ ಬಣ್ಣ ಮರುಭೂಮಿಗೆ, ಕೆಂಪು ಭೂಸೇನೆಗೆ, ಎರಡು ನೀಲಿಗಳು ನೌಕಾಪಡೆಗೂ ವಾಯುಪಡೆಗೂ. ಟ್ರಂಕಿನಲ್ಲಿ ಇಟಲಿ ಸ್ಟಾರ್ ಇದೆಯೇ ನೋಡಿ. ಇದೇ 3ನೇ ಪಲ್ಟನ್ ಮುಂದೆ ಇಟಲಿಗೆ ಹೋಯಿತು, 1944ರ ಜುಲೈನಲ್ಲಿ ಅದರ ನಾಯಕ್ ಯಶವಂತ ಘಾಡ್ಗೆ ಅವರಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು. ಇಟಲಿ ಸ್ಟಾರ್ ಇಲ್ಲದಿದ್ದರೆ ನಿಮ್ಮ ಮುತ್ಯಾ ಅದಕ್ಕೆ ಮೊದಲೇ ಪಲ್ಟನ್ ಬಿಟ್ಟಿದ್ದಾರೆ ಅಂತ ಲೆಕ್ಕ.

ಊರ ಹೊರಗೆ ಯುದ್ಧದ ಸಮಾಧಿಸ್ಥಳ ಇದೆ, ಚೊಕ್ಕಟವಾಗಿ ಇಟ್ಟಿದ್ದಾರೆ. ಕ್ರೈಸ್ತರು, ಮುಸಲ್ಮಾನರಿಗೆ ಸಮಾಧಿಗಳು. ಹಿಂದೂ, ಸಿಖ್ಖರನ್ನು ಸುಟ್ಟಿದ್ದರಿಂದ ಅವರಿಗೆ ಸಮಾಧಿ ಇಲ್ಲ, ಒಂದು ಸ್ಮಾರಕದಲ್ಲಿ 285 ಜನರ ನೆನಪು ಇಟ್ಟಿದ್ದಾರೆ. ನನ್ನ ಸ್ನೇಹಿತರು ಕರ್ಪೂರ ತಂದಿದ್ದರು. ಗಾಳಿಗೆ ನಿಲ್ಲಲಿಲ್ಲ, ಮೂರು ಕಡ್ಡಿ ಗೀರಿ ಬಿಟ್ಟೆವು. ಇಟಲಿಯವರ ಸ್ಮಶಾನ ಬೇರೆ ಇದೆ, ಅಲ್ಲಿ ಅಸ್ಕರಿಗಳ ಕಲ್ಲುಗಳ ಮೇಲೆ ಹೆಸರಿನ ಜಾಗದಲ್ಲಿ ‘ಇನ್ಯೋಟೋ’ ಅಂತ ಇತ್ತು. ಅಜ್ಞಾತ ಅಂತ ಅರ್ಥ. ಕಲ್ಲಿನಿಂದ ಕಲ್ಲಿಗೆ ಅದೇ ಪದ.

ಸೋಮವಾರ ತರಗತಿಯಲ್ಲಿ ಹುಡುಗರಿಗೆ ಕೆರೆನ್‌ಗೆ ಹೋಗಿದ್ದೆ, ಯುದ್ಧದ ಜಾಗ ನೋಡಿದೆ ಅಂದೆ. ಅವರು ಕೇಳಿದ್ದು, ಯಾವ ಯುದ್ಧ ಸರ್ ಅಂತ. ಅವರಿಗೆ ಯುದ್ಧ ಅಂದರೆ ಇಥಿಯೋಪಿಯಾದ ವಿರುದ್ಧ ಮೂವತ್ತು ವರ್ಷ ನಡೆದದ್ದು, ಅಪ್ಪಂದಿರೂ ಅಮ್ಮಂದಿರೂ ಹೋರಾಡಿದ್ದು.

ಹಲಸೂರು_ಮಾಜಿ_ಹವಾಲ್ದಾರ್

ಮೇಷ್ಟ್ರು ಚೆನ್ನಾಗಿ ಬರೆದವ್ರೆ. ಆದ್ರೆ ದಾರಿ ಹೆಂಗೆ ತೆಗೆದ್ರು ಅನ್ನೋ ಪ್ರಶ್ನೆಗೆ ಉತ್ತರಾನೇ ಕೊಡ್ಲಿಲ್ಲ. ಗುಡ್ಡ ಹಿಡಿದೋರ ಹೆಸರು ಎಲ್ಲರಿಗೂ ಬೇಕು, ಕಲ್ಲು ಎತ್ತಿದೋರ್ದು ಯಾರಿಗೂ ಬೇಡ. ನಾನು ಬೆಂಗಳೂರು ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಾಗೆ (ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡೋ ಇಂಜಿನಿಯರ್ ಪಡೆ) ಇಪ್ಪತ್ತೆರಡು ವರ್ಷ ಇದ್ದೋನು, ಅದಕ್ಕೇ ಹೊಟ್ಟೆ ಉರಿ.

ಕೆರೆನ್‌ಗೆ ನಮ್ಮೋರೂ ಹೋಗಿದ್ರು. 4ನೇ ಡಿವಿಜನ್ ಜೊತೆ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಇತ್ತು. ಬೆಂಗಾಲ್, ಬಾಂಬೆ ಸ್ಯಾಪರ್ಸ್ ಕಂಪನಿಗಳೂ ಇದ್ವು. ಹಲಸೂರಿನಾಗೆ ಟ್ರೈನಿಂಗ್ ಆದ ತಮಿಳರು, ತೆಲುಗರು, ಮಲಯಾಳಿಗಳು, ನಮ್ ಕಡೆಯೋರು ಎಲ್ಲ ಸೇರಿ ಒಂದೇ ಹೆಸರು, ‘ತಂಬಿ’.

ಈ ಕೆಲಸದ ಲೆಕ್ಕ ಸ್ವಲ್ಪ ಹೇಳ್ತೀನಿ. ದಾರಿ ಮುಚ್ಚೋದು ಅರ್ಧ ದಿನದ ಕೆಲಸ. ಮೇಲಕ್ಕೆ ಬಾಗಿಕೊಂಡಿರೋ ಬಂಡೆ ನೋಡಿ ಕುಳಿ ಹೊಡೆದು ಮದ್ದು ಜಡಿದ್ರೆ ಮುಗೀತು, ಉಳಿದದ್ದು ಬಂಡೇನೇ ಮಾಡ್ತದೆ. ತೆಗೆಯೋನ ಪಾಡು ಬೇರೆ. ಮನೆ ಗಾತ್ರದ ಕಲ್ಲು ಇರ್ತದೆ, ಅದನ್ನ ಮತ್ತೆ ಕುಳಿ ಹೊಡೆದು ಒಡೀಬೇಕು. ಒಡೆದ ಚೂರು ಎಳೀಬೇಕು. ಒಂದು ಎಳೆದ್ರೆ ಮೇಲಿಂದ ಎರಡು ಜಾರ್ತವೆ. ಸದ್ದು ಮಾಡದೆ ಈ ಕೆಲಸ ಆಗಲ್ಲ. ನಾನು ಹಿಮಾಚಲದಾಗೆ ಬೆಟ್ಟ ಕುಸಿದ ದಾರಿ ತೆಗೆದಿದೀನಿ, ಯಾರೂ ಗುಂಡು ಹೊಡೀದೇ ಇದ್ದಾಗಲೇ ಕೈ ನಡುಗ್ತದೆ. ಅಲ್ಲಿ ಎರಡು ಕಡೆ ಬೆಟ್ಟದಿಂದ ಮಷಿನ್ ಗನ್.

ದಾಳಿ ಶುರುವಾದ ಮಾರನೇ ರಾತ್ರಿ ಸ್ಯಾಪರ್‌ಗಳು ಕಮರಿ ಒಳಗೆ ಹೋಗಿ ಆ ಕಲ್ಲಿನ ರಾಶಿ ನೋಡ್ಕೊಂಡು ಬಂದ್ರು. ಎರಡು ದಿನ ಕೊಟ್ರೆ ತೆಗೀತೀವಿ, ಆದ್ರೆ ಆ ಎರಡು ದಿನ ಯಾರೂ ಮೇಲಿಂದ ನಮಗೆ ಹೊಡೀಬಾರ್ದು, ಇಷ್ಟೇ ಅವರ ರಿಪೋರ್ಟ್ ಸಾರಾಂಶ. ಕೊನೇ ದಾಳಿ ಲೆಕ್ಕ ನಿಂತಿದ್ದು ಇದರ ಮೇಲೆ. ಎಡಕ್ಕೆ ಎತ್ತರದ ಸಂಚಿಲ್ ಬೇಡ, ಕಮರಿ ಪಕ್ಕದ ದಿಬ್ಬ ಹಿಡೀರಿ, ಸ್ಯಾಪರ್ಸ್ ತಲೆ ಮೇಲೆ ಗುಂಡು ಬೀಳದಂಗೆ ನೋಡ್ಕೊಳ್ರಿ ಅಂತ.

ಮಾರ್ಚ್ 25, ಬೆಳಗಿನ ಜಾವ ಮೂರು ಗಂಟೆ. ಮೇಷ್ಟ್ರು ಹೇಳಿದ ರೈಲು ಸುರಂಗ ಇದೆಯಲ್ಲ, ಅದರೊಳಗಿನ ಅಡ್ಡಗಟ್ಟನ್ನ ಮೊದಲೇ ಸ್ಯಾಪರ್ಸ್ ತೆಗೆದಿದ್ರು. ಒಂದು ಸ್ಕಾಟಿಷ್ ಪಲ್ಟನ್ನೂ ಬಲೂಚ್ ಪಲ್ಟನ್ನೂ ಸುರಂಗದ ಬಾಯಿಂದ ಹೊರಗೆ ಬಂದ್ವು. ಸಂಚಿಲ್ ಮೇಲಿದ್ದೋರು ಬೆಟ್ಟ ಹತ್ತಿ ಬರೋರಿಗೆ ಕಾಯ್ತಿದ್ರು, ಇವರು ಬೆಟ್ಟದ ಹೊಟ್ಟೆಯಿಂದ ಬಂದ್ರು. ಅದೇ ಹೊತ್ತಿಗೆ ಡೊಳ್ಳಗುಡ್ಡದಿಂದ ಮರಾಠಾ, ವೆಸ್ಟ್ ಯಾರ್ಕ್ ಪಲ್ಟನ್‌ಗಳು ಕಮರಿ ಕಡೆಗೆ ಇಳಿದ್ವು. ಬೆಳಕು ಹರಿಯೋಷ್ಟರಲ್ಲಿ ಎರಡೂ ದಂಡೆ ಕೈಗೆ ಬಂತು. ಆಮೇಲೆ ನಮ್ಮ ಜನಕ್ಕೆ ಬಿಟ್ಟಿದ್ದು. ಹಾರೆ, ಸುತ್ತಿಗೆ, ಮದ್ದು. 27ರ ಬೆಳಗ್ಗೆ ಟ್ಯಾಂಕ್‌ಗಳು ಆ ಕಮರಿಯಾಗೆ ಹಾದು ಊರಿಗೆ ಹೋದ್ವು. ಐವತ್ತು ಚಿಲ್ಲರೆ ದಿನದ ಲಡಾಯಿ, ಎರಡು ದಿನದ ಕಲ್ಲು ಕೆಲಸಕ್ಕೆ.

ಇನ್ನೊಂದು. ಇದೇ ಯುದ್ಧದಾಗೆ, ಬೇರೆ ದಾರಿಯಾಗೆ, ಬಾಂಬೆ ಸ್ಯಾಪರ್ಸ್‌ನ ಪ್ರೇಮಿಂದ್ರ ಸಿಂಗ್ ಭಗತ್ ಅನ್ನೋ ಚಿಕ್ಕ ಆಫೀಸರ್ ನಾಲ್ಕು ದಿನ ಒಂದೇ ಸಮ ಮುಂದಿನ ಗಾಡಿಯಾಗೆ ಕೂತು 55 ಮೈಲಿ ದಾರಿಯಾಗೆ 15 ಕಡೆ ನೆಲಬಾಂಬ್ ತೆಗೆಸಿದ್ರು. ವಿಕ್ಟೋರಿಯಾ ಕ್ರಾಸ್ ಬಂತು. ನಮ್ಮ ಕೆಲಸಕ್ಕೂ ಒಮ್ಮೊಮ್ಮೆ ಬೆಲೆ ಸಿಗ್ತದೆ.

ಖಾನಾಪುರದ ಯಜಮಾನ್ರೇ, ನಿಮ್ಮ ತಾತನ ಸರ್ವಿಸ್ ನಂಬರ್ ಸಿಕ್ರೆ ಎಲ್ಲೂ ಅಲೀಬೇಡಿ. ಮರಾಠಾ ಲೈಟ್ ಇನ್‌ಫೆಂಟ್ರಿ ರೆಕಾರ್ಡ್ ಆಫೀಸ್ ನಿಮ್ಮ ಬೆಳಗಾವಿಯಾಗೇ ಇದೆ.

ನೇರ_ಮಾತು

ಎಲ್ಲಾ ಸರಿ. ಆದರೆ ನಮ್ಮನ್ನು ಆಳುತ್ತಿದ್ದವರಿಗಾಗಿ, ಇನ್ನೊಬ್ಬರನ್ನು ಆಳುತ್ತಿದ್ದವರ ಮೇಲೆ, ಮೂರನೆಯವರ ನೆಲದಲ್ಲಿ ಹೋಗಿ ಸಾಯುವುದರಲ್ಲಿ ಹೆಮ್ಮೆ ಪಡುವಂಥದ್ದು ಏನಿದೆ? ಆ ಹೊತ್ತಿಗೆ ಇಲ್ಲಿ ಜನ ವೈಯಕ್ತಿಕ ಸತ್ಯಾಗ್ರಹ ಮಾಡಿ ಜೈಲಿಗೆ ಹೋಗುತ್ತಿದ್ದರು.

ಬಯಲುಸೀಮೆ_ಮೇಷ್ಟ್ರು

ಹೆಮ್ಮೆಯ ಮಾತು ಇಲ್ಲಿ ಯಾರೂ ಎತ್ತಿರಲಿಲ್ಲ, ನೀವೇ ತಂದದ್ದು. ಮುತ್ಯಾ ಎಲ್ಲಿದ್ದರು ಅಂತ ಮೊಮ್ಮಗ ಕೇಳಿದರು, ಇಲ್ಲಿದ್ದರು ಅಂತ ಹೇಳಿದೆವು.

ಆದರೂ ನಿಮ್ಮ ಮಾತು ಸುಳ್ಳಲ್ಲ. ಇಟಲಿಯವರು ಹೋದ ಮೇಲೆ ಎರಿಟ್ರಿಯಾಗೆ ಸ್ವಾತಂತ್ರ್ಯ ಬರಲಿಲ್ಲ. 1952ರವರೆಗೆ ಬ್ರಿಟಿಷರ ಆಡಳಿತ, ಆಮೇಲೆ ಇಥಿಯೋಪಿಯಾದ ಜೊತೆ ಗಂಟು, ಸ್ವತಂತ್ರ ದೇಶವಾಗಿದ್ದು 1993ಕ್ಕೆ. ಇನ್ನು ನಾವು ಗೆದ್ದ ಯುದ್ಧದ ಇಟಲಿ ಸೆರೆಯಾಳುಗಳನ್ನು ಸಾವಿರಗಟ್ಟಲೆ ತಂದು ಇಟ್ಟದ್ದು ಎಲ್ಲಿ? ನಮ್ಮ ಬೆಂಗಳೂರಿನ ಶಿಬಿರಗಳಲ್ಲೂ. ಹೆಚ್ಚಿನವರು ಲಿಬಿಯಾ ಕಡೆ ಸಿಕ್ಕವರು ಅನ್ನಿ. ನಮ್ಮ ತಂದೆ ಹುಡುಗರಾಗಿದ್ದಾಗ ಜಾಲಹಳ್ಳಿ ಕಡೆ ಅವರನ್ನು ನೋಡಲು ಸೈಕಲ್ಲಿನಲ್ಲಿ ಹೋಗಿದ್ದರಂತೆ. ಬೇಲಿಯಾಚೆ ಒಬ್ಬ ಹಾಡುತ್ತಿದ್ದ ಅಂತ ಹೇಳುತ್ತಿದ್ದರು, ಯುದ್ಧದ ಬಗ್ಗೆ ಅವರಿಗಿದ್ದ ನೆನಪು ಅಷ್ಟೇ.

ಖಾನಾಪುರ_ಕಡೆಯಾವ

ಎಲ್ಲಾರಿಗೂ ದೊಡ್ಡ ನಮಸ್ಕಾರ್ರಿ. ಎರಡು ದಿನ ಉತ್ತರ ಕೊಡಾಕ ಆಗಲಿಲ್ಲ, ಯಾಕಂದ್ರ ನಮ್ಮವ್ವನ ಕಡೆ ಹೋಗಿದ್ದೆ.

ನೇರ ಮಾತಿನ ಅಣ್ಣಾರ ಪ್ರಶ್ನೆಕ್ಕ ನನ್ನ ಕಡೆ ಉತ್ತರ ಇಲ್ರಿ. ಮುತ್ಯಾನ ತಮ್ಮ ಜೈಲಿಗೆ ಹೋಗಿದ್ದ, ಮುತ್ಯಾ ಪಲ್ಟನ್‌ಗೆ ಹೋಗಿದ್ದ. ಜೈಲಿನಾವ ಊರಿಗೆ ಬಂದಾಗ ಮನ್ಯಾಗ ಉಂಡದ್ದು ಪಲ್ಟನ್ನಿನ ಮನಿಯಾರ್ಡರ್ ರೊಟ್ಟಿ. ಇಬ್ಬರೂ ಒಂದ ಕಟ್ಟಿ ಮ್ಯಾಲೆ ಕುಂತು ಎಲಿ ತಿಂತಿದ್ರು, ಇದರ ಮ್ಯಾಲೆ ಜಗಳಾಡಿದ್ದು ನಾ ನೋಡಿಲ್ಲ.

ಮೇಷ್ಟ್ರ, ನೀವು ಬರದದ್ದನ್ನ ನಮ್ಮವ್ವಗ ಪೂರಾ ಓದಿ ಹೇಳಿದೆ. ಪೆಟ್ರೋಲ್ ಡಬ್ಬಿ ಬಂದ ಕಡೆ ಒಮ್ಮೆ ನಿಂದ್ರಿಸಿದಳು. ಮನ್ಯಾಗ ಸೀಮೆಎಣ್ಣಿ ಡಬ್ಬಿ ತೊಳದು ನೀರು ತುಂಬಿದ್ರ ಅಪ್ಪ ಒದ್ದು ಚೆಲ್ಲತಿದ್ದ, ಯಾಕಂತ ಈಗ ತಿಳೀತು ಅಂದಳು. ಆಮ್ಯಾಲೆ ಟ್ರಂಕ್ ತಗಸಿದಳು. ಇಟಲಿ ಸ್ಟಾರ್ ಇಲ್ಲ. ತಳದಾಗ ಹಾಸಿದ್ದ ಪೇಪರಿನ ಕೆಳಗ ಒಂದು ಸಣ್ಣ ಬುಕ್ ಸಿಕ್ತು, ಅರ್ಧ ಗೆದ್ದಲ ತಿಂದೈತಿ. ‘3/5’ ಅಂತ ಚೊಲೋ ಕಾಣಸ್ತೈತಿ, ಮೇಷ್ಟ್ರು ಹೇಳಿದ 5ನೇ ಮರಾಠಾದ 3ನೇ ಪಲ್ಟನ್ನ ಇರಬೇಕು. ಒಂದು ಪುಟದಾಗ ‘ಜಿ.ಎಸ್.ಡಬ್ಲ್ಯು. ಲೆಫ್ಟ್’ ಅಂತ ಬರದು, ಮುಂದ 18-3-41 ಅಂತ ಐತಿ. ಹವಾಲ್ದಾರ್ ಸಾಹೇಬ್ರ, ಜಿ.ಎಸ್.ಡಬ್ಲ್ಯು. ಅಂದ್ರ ಏನ್ರಿ?

ಹಲಸೂರು_ಮಾಜಿ_ಹವಾಲ್ದಾರ್

ಗುಂಡೇಟು. ಎಡಗಾಲಿಗೆ. ಡೊಳ್ಳಗುಡ್ಡ ಹಿಡಿದು ಎರಡು ದಿನ ಆದ್ಮೇಲೆ, ಪ್ರತಿದಾಳಿ ನಡೀತಿದ್ದಾಗ.

ಖಾನಾಪುರ_ಕಡೆಯಾವ

ಹಂಗಾರ 25ನೇ ತಾರೀಖಿಗೆ ಅವ ಅಲ್ಲೆ ಇರಲೇ ಇಲ್ಲ. ದಾರಿ ತೆಗದದ್ದು ಅವ ನೋಡೇ ಇಲ್ಲ. ನಾವು ಕೇಳಿ ಕೇಳಿ ಅವನ ಜೀವ ತಿಂದಿವಿ.

ಸೋಮವಾರ ರೆಕಾರ್ಡ್ ಆಫೀಸಿಗೆ ಹೊಂಟೇನ್ರಿ. ಸರ್ವಿಸ್ ನಂಬರಿನ್ಯಾಗ ಮೂರನೇ ಅಂಕಿ 4 ಐತೋ 9 ಐತೋ ಗೊತ್ತಾಗವಲ್ದು, ಗೆದ್ದಲ ಕರೆಕ್ಟ್ ಅಲ್ಲೇ ತಿಂದೈತಿ. ಎರಡೂ ಬರಕೊಂಡು ಹೋದ್ರ ಹುಡುಕಿ ಕೊಡ್ತಾರೇನ್ರಿ?